ತಾಲೀಮಿನ ಬಾಟಲಿ

ಹಗ್ಗದ ಕೋಣೆಯ ಕಿಟಕಿಯ ಪಕ್ಕ ಕೂತು ಅವಳು ಬಾಟಲಿಗೆ ಅಂಗಿ ಹೆಣೆಯುತ್ತಿದ್ದಳು. ದಪ್ಪ ಹಸಿರು ಗಾಜಿನ ಬಾಟಲಿ, ಒಳಗೆ ದ್ರಾಕ್ಷಾರಸ, ಮೇಲೆ ಬಿಳಿ ದಾರದ ಸಣ್ಣ ಕಣ್ಣಿನ ಬಲೆ. ಒಂದು ಗಂಟು, ಒಂದು ಎಳೆತ, ಮತ್ತೆ ಒಂದು ಗಂಟು. ಮಾತಿಲ್ಲ, ಕತೆಯಿಲ್ಲ. ಮಧ್ಯಾಹ್ನ ಹೊಸ ಯುದ್ಧನೌಕೆಯನ್ನು ನೀರಿಗಿಳಿಸುವಾಗ ಈ ಬಾಟಲಿಯನ್ನು ಅದರ ಮೂತಿಗೆ ಹೊಡೆದು ಒಡೆಯಬೇಕು. ಚೂರು ಅತಿಥಿಗಳ ಕಣ್ಣಿಗೆ ಹಾರದಿರಲಿ ಅಂತ ಬಲೆ. ಒಂದೇ ಏಟಿಗೆ ಒಡೆಯಲಿ ಅಂತ, ಬಾಟಲಿಯ ಹೊಟ್ಟೆಯ ಮೇಲೆ ಗಾಜು ಕೊಯ್ಯುವ ಉಳಿಯಿಂದ ಒಂದು ಗೀರು. ಒಂದೇ ಒಂದು, ಕೂದಲೆಳೆಯಷ್ಟು. ಅದನ್ನು ಎಳೆಯುವಾಗ ಅವಳು ಉಸಿರನ್ನೂ ಹಿಡಿದುಕೊಂಡಿದ್ದಳು.

ಹಡಗು ಕಟ್ಟುವ ಆ ಕಾರ್ಖಾನೆಯಲ್ಲಿ ಅವಳಿಗೆ ಪಿಸುಮಾತು ಅಂತಲೇ ಹೆಸರು. ದನಿ ಅಷ್ಟು ಸಣ್ಣದು. ಶಾಲೆಯಲ್ಲಿ ಹಾಜರಿ ಕರೆದಾಗ ಅವಳು “ಇದ್ದೀನಿ” ಅಂದದ್ದು ಮೇಷ್ಟರಿಗೆ ಕೇಳಿಸದೆ, ದಿನವೂ ಇದ್ದು ದಿನವೂ ಗೈರುಹಾಜರಾಗಿ, ಕೊನೆಗೆ ಶಾಲೆಯೇ ಕೈಬಿಟ್ಟು ಹೋಗಿತ್ತು. ಈಗ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ, ಒಲೆಗೂ ಪಾತ್ರೆಯ ಗೂಡಿಗೂ ನಡುವೆ ಅವಳ ಹಾಸಿಗೆ. ಬೇರೆ ಮನೆಗಳಲ್ಲಿ ಸಂಜೆ “ಊಟ ಆಯ್ತಾ?” ಅಂತ ಕೇಳುವ ಹಾಗೆ ಅವಳ ಭಾವ “ಕಾಯಂ ಆಯ್ತಾ?” ಅಂತ ಕೇಳುತ್ತಿದ್ದ.

ಕೆಲಸ ಕಾಯಂ ಆದವರಿಗೆ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ಒಂದು ಕೋಣೆ ಸಿಗುತ್ತಿತ್ತು. ಒಂದು ಕಿಟಕಿ, ಒಂದು ಬಾಗಿಲು, ಆ ಬಾಗಿಲಿಗೊಂದು ಬೀಗ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ ಪಿಸುಮಾತು ಆ ಬೀಗದ ಕೈಗೆ ಚೆಂದದ ದಾರವೊಂದನ್ನು ಹೆಣೆದು ಕೊರಳಿಗೆ ಹಾಕಿಕೊಂಡುಬಿಟ್ಟಿದ್ದಳು. ದಾರದ ತುದಿ ಖಾಲಿ ತೂಗುತ್ತಿತ್ತು.

ಕಾರ್ಖಾನೆಯ ದೊಡ್ಡ ಸಾಹೇಬರು ಹಿಂದಿನ ದಿನ ಅವಳನ್ನು ಕರೆಸಿ ಮಾತು ಕೊಟ್ಟಿದ್ದರು. “ಒಂದೇ ಏಟಿಗೆ ಬಾಟಲಿ ಒಡೆದ್ರೆ ನೀನು ಕಾಯಂ. ಒಡೀಲಿಲ್ಲ ಅಂದ್ರೆ ಬಾಟಲಿ ಮಾವನ ಜೊತೆ ತೊಟ್ಟಿಗೆ.”

ಬಾಟಲಿ ಮಾವ ಒಂದು ಕಾಲಕ್ಕೆ ಇದೇ ಹಗ್ಗದ ಕೋಣೆಯ ಯಜಮಾನ. ಹಿಂದಿನ ಹಡಗಿಗೆ ಅವನು ಕಟ್ಟಿಕೊಟ್ಟ ಬಾಟಲಿ ರಬ್ಬರ್ ಚೆಂಡಿನ ಹಾಗೆ ಪುಟಿದು ಪುಟಿದು, ಕೊನೆಗೆ ವಾದ್ಯದವರ ಡೋಲಿಗೆ ಬಡಿದು ಡೋಲನ್ನು ಒಡೆದಿತ್ತೇ ಹೊರತು ತಾನು ಒಡೆದಿರಲಿಲ್ಲ. ಬಾಟಲಿ ಒಡೆಯದ ಹಡಗು ಹತ್ತಲು ನಾವಿಕರು ಹಿಂದೆಮುಂದೆ ನೋಡುತ್ತಾರೆ. ಅಂದಿನಿಂದ ಮಾವ ಹಡಗುಗಳ ತಳದ ತೊಟ್ಟಿಗಳಲ್ಲಿ ಕೂತು ತುಕ್ಕು ಕೆರೆಯುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅವನಿಗೆ ಕೈಯೂ ತುಕ್ಕು, ಬಾಯೂ ತುಕ್ಕು.

‘ಒಡೀಲೇಬೇಕು,’ ಅಂದುಕೊಂಡಳು ಪಿಸುಮಾತು. ಬಲೆಯ ತಳವನ್ನು ಕಟ್ಟುವ ಮುಂಚೆ ರಿಬ್ಬನ್ ಬೇಕಿತ್ತು. ಬಾಟಲಿಯನ್ನು ಮೊಳೆಗೆ ತೂಗುಹಾಕಿ ಉಗ್ರಾಣಕ್ಕೆ ಹೋದಳು.

ಉಗ್ರಾಣದವನು ನೀಲಿಯೋ ಕೆಂಪೋ ಅಂತ ಸಾಕಷ್ಟು ಹೊತ್ತು ತಿಂದ. ಅವಳು “ನೀಲಿ” ಅಂದದ್ದು ಅವನಿಗೆ ಕೇಳಿಸಲಿಲ್ಲ, ಬೆರಳು ಮಾಡಿ ತೋರಿಸಬೇಕಾಯಿತು. ವಾಪಸು ಬರುವಾಗ ಬಾಟಲಿ ಮಾವ ಎದುರಾದ. ಕೆರೆಯುವ ಉಳಿಯನ್ನು ಬೆನ್ನ ಹಿಂದೆ ಹಿಡಿದು, “ಧೈರ್ಯವಾಗಿರಮ್ಮ, ನನ್ನ ಗತಿ ನಿನಗೆ ಬರಲ್ಲ,” ಅಂತ ಹೇಳಿ ಹೊಸ ಹಡಗಿನ ತೊಟ್ಟಿಯ ಕಡೆ ಸರಸರನೆ ನಡೆದ. ಹಗ್ಗದ ಕೋಣೆಯ ಬಾಗಿಲಲ್ಲಿ ಜೋಪಾನ ಸಾಹೇಬ ನಿಂತಿದ್ದ. ಸುರಕ್ಷತೆಯೂ ಸಮಾರಂಭವೂ ಎರಡೂ ಅವನ ತಲೆಯ ಮೇಲೆ. ಮಾತು ಶುರುವಾಗುವುದೂ ಮುಗಿಯುವುದೂ ‘ಜೋಪಾನ’ದಿಂದ. “ಜೋಪಾನ, ಬಾಟಲಿ ಜೋಪಾನ,” ಅಂತ ತನ್ನ ಚಾಕು ಮಡಿಸಿ ಜೇಬಿಗಿಟ್ಟುಕೊಂಡು ಅವನೂ ಹೋದ. ಒಳಗೆ ಕ್ರೇನ್ ಅಕ್ಕ ಸ್ಟೂಲಿನ ಮೇಲೆ ಕೂತು ಉಂಗುರ ಉಜ್ಜಿಕೊಳ್ಳುತ್ತಿದ್ದಳು. ಕಾರ್ಖಾನೆಯ ದೊಡ್ಡ ಕ್ರೇನ್ ಓಡಿಸುವವಳು. ಮೇಲಿಂದ ಎಲ್ಲವೂ ಕಾಣುವುದರಿಂದ ಎಲ್ಲರ ಸುದ್ದಿಯೂ ಅವಳ ಹತ್ತಿರ ಇರುತ್ತಿತ್ತು.

“ಗೊತ್ತೇನೇ? ದೊಡ್ಡ ಸಾಹೇಬರ ಹೆಂಡತಿ ಉಪವಾಸ ಕೂತಿದ್ದಾಳಂತೆ!”

ಪಿಸುಮಾತು ಹುಬ್ಬೇರಿಸಿದಳು.

“ಬಾಟಲಿ ತಾನೇ ಒಡೀಬೇಕಂತೆ. ಒಡೆದವಳು ಹಡಗಿನ ತಾಯಿ ಅಲ್ವಾ? ಜೀವಮಾನ ಪೂರ್ತಿ ಮರ್ಯಾದೆ. ಆದ್ರೆ ನೌಕಾಪಡೆ ನಿಯಮ ಏನು? ಈ ಕಾರ್ಖಾನೆಯ ಉಪ್ಪು ತಿನ್ನೋರು ತಾಯಿ ಆಗೋ ಹಾಗಿಲ್ಲ. ಕಟ್ಟಿದೋರೇ ಹರಸಿದ್ರೆ ಹಡಗಿನ ತೂತು ಹುಡುಕೋರು ಯಾರು? ಅದಕ್ಕೆ ಅವಳು ಏನಂದ್ಲು ಗೊತ್ತಾ? ‘ಹಾಗಾದ್ರೆ ನೀವು ಕೆಲಸ ಬಿಡಿ, ನಾನು ಒಡೀತೀನಿ!’”

ಕ್ರೇನ್ ಅಕ್ಕ ನಕ್ಕ ರಭಸಕ್ಕೆ ಸ್ಟೂಲು ಕಿರುಗುಟ್ಟಿತು. ಪಿಸುಮಾತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಲೆಯ ತಳ ಕಟ್ಟಿ, ರಿಬ್ಬನ್ ಬಿಗಿದಳು.

ಮಧ್ಯಾಹ್ನ ಹತ್ತಿರವಾಗುತ್ತಿದ್ದಂತೆ ಜೋಪಾನ ಸಾಹೇಬನಿಗೆ ತಾಲೀಮಿನ ಹುಚ್ಚು ಹಿಡಿಯಿತು. ಹಗ್ಗದ ಉದ್ದ ಸರಿಯಿದೆಯೋ ಇಲ್ಲವೋ, ಬಾಟಲಿ ಮೂತಿಗೆ ತಾಗುವುದೋ ಪಕ್ಕದಲ್ಲಿ ಹಾದು ಹೋಗುವುದೋ ನೋಡಲೇಬೇಕು. ಬಾಟಲಿ ಒಡೆಯಲು ಬರುವ ಅತಿಥಿ ಅಮ್ಮನವರು ನೌಕಾಪಡೆಯ ಹಿರಿಯ ಅಧಿಕಾರಿಯ ಹೆಂಡತಿ, ಗಿಡ್ಡನೆಯ ಹೆಂಗಸು. ಅಷ್ಟೇ ಎತ್ತರದವರು ಬೇಕು. ಎಲ್ಲರ ಕಣ್ಣೂ ಪಿಸುಮಾತಿನ ಮೇಲೆ ಬಿತ್ತು.

“ನಾನು ಬೇಡ,” ಅಂದಳು. ಯಾರಿಗೂ ಕೇಳಿಸಲಿಲ್ಲ.

ಹಡಗಿನ ಮೂತಿಯ ಮುಂದೆ ಕೆಂಪು ರತ್ನಗಂಬಳಿ ಹಾಸಿದ ವೇದಿಕೆ. ತಲೆ ಎತ್ತಿದರೆ ಬೂದುಬಣ್ಣದ ಉಕ್ಕು ಆಕಾಶವನ್ನೇ ಸೀಳಿಕೊಂಡು ನಿಂತಂತಿತ್ತು. ಹೆಸರಿನ ಮೇಲೆ ಬಟ್ಟೆ ಮುಚ್ಚಿತ್ತು. ಆಸರೆ ಕಂಬಗಳನ್ನೆಲ್ಲ ಬೆಳಿಗ್ಗೆಯೇ ತೆಗೆದಾಗಿತ್ತು. ಕೊಬ್ಬು ಸವರಿದ ಇಳಿಜಾರಿನ ಮೇಲೆ ಇಡೀ ಹಡಗನ್ನು ಈಗ ಒಂದೇ ಒಂದು ಕೊಂಡಿ ಹಿಡಿದು ನಿಲ್ಲಿಸಿತ್ತು. ಆ ಕೊಂಡಿಯ ಸನ್ನೆಗೋಲು ಹಡಗಿನ ಹೊಟ್ಟೆಯ ಕೆಳಗೆ ಕೂತಿದ್ದ ಮುದುಕನ ಕೈಯಲ್ಲಿ. ಅವನನ್ನು ಎಲ್ಲರೂ ಕೆಳಗಿನ ಅಜ್ಜ ಅನ್ನುತ್ತಿದ್ದರು. ಅಲ್ಲಿಂದ ಅವನಿಗೆ ವೇದಿಕೆ ಕಾಣುತ್ತಿರಲಿಲ್ಲ. “ಬಾವುಟ ಯಾರು ಬೇಕಾದ್ರೂ ಬೀಸ್ತಾರೆ, ಸೀಟಿ ಯಾರು ಬೇಕಾದ್ರೂ ಊದ್ತಾರೆ. ಗಾಜು ಒಡೆದ ಸದ್ದು ಮಾತ್ರ ಸುಳ್ಳು ಹೇಳಲ್ಲ,” ಅನ್ನುವುದು ಅವನ ಸಿದ್ಧಾಂತ. ಆ ಸದ್ದು ಕೇಳಿದರೆ ಸನ್ನೆಗೋಲು ಎಳೆಯುತ್ತಿದ್ದ. ಅಲ್ಲಿಯ ತನಕ ದೇವರು ಬಂದು ಹೇಳಿದರೂ ಎಳೆಯುತ್ತಿರಲಿಲ್ಲ.

ಜೋಪಾನ ಸಾಹೇಬ ಬಗ್ಗಿ ಕೆಳಕ್ಕೆ ಕೂಗಿದ. “ಅಜ್ಜಾ, ಇದು ಬರೀ ತಾಲೀಮು! ಬಾಟಲಿ ಒಡೆಯಲ್ಲ!”

“ಸರಿ, ಸರಿ. ಒಡೆಯಲಿಲ್ಲ ಅಂದ್ರೆ ಬಿಡಲ್ಲ!” ಅಂತ ಕೆಳಗಿಂದ ದನಿ ಬಂತು.

“ನೋಡಮ್ಮ,” ಅಂತ ಸಾಹೇಬ ಪಿಸುಮಾತಿನ ಕೈಗೆ ಬಾಟಲಿ ಕೊಟ್ಟ. “ಮೈಕಿನಲ್ಲಿ ‘ಈ ಹಡಗಿಗೆ ಇಂಥ ಹೆಸರಿಡುತ್ತೇನೆ’ ಅನ್ನು. ಆಮೇಲೆ ಮೆತ್ತಗೆ ಬಿಡು. ಹಡಗಿಗೆ ಮುತ್ತು ಕೊಟ್ಟ ಹಾಗೆ ತಾಗಬೇಕು, ಅಷ್ಟೇ. ಒಡೆದ ಹಾಗೆ ಅಂದುಕೊಂಡು ನಾವೆಲ್ಲ ಸೆಲ್ಯೂಟ್ ಹೊಡೀತೀವಿ. ತಾಯಿ ವೇದಿಕೆ ಇಳಿಯೋವರೆಗೂ ಯಾರೂ ತುಟಿ ಬಿಚ್ಚೋ ಹಾಗಿಲ್ಲ, ಅದು ಪದ್ಧತಿ. ನೀನು ಬೇಗ ಇಳಿದುಬಿಡು, ನನಗೆ ಹೇಳೋದು ತುಂಬಾ ಇದೆ.”

ಅವಳು ಹೆಸರಿಟ್ಟಳು. ಮೈಕಿಗೂ ಅವಳ ಮಾತು ಕೇಳಿಸಲಿಲ್ಲ. “ಜೋರಾಗಿ!” ಅಂದರು ಕುರ್ಚಿ ಜೋಡಿಸುತ್ತಿದ್ದವರು. ಇನ್ನೊಮ್ಮೆ ಹೆಸರಿಟ್ಟಳು. “ಬಿಡು, ಬಿಡು, ಸಾಕು,” ಅಂದ ಸಾಹೇಬ.

ತನ್ನ ಗೀರು ತನಗೆ ಗೊತ್ತಿತ್ತು. ಮೆತ್ತನೆಯ ತಾಗುವಿಕೆಗೆ ಅದು ಒಡೆಯುವಂಥದ್ದಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆತ್ತಗೆ ಅವಳು ಬಾಟಲಿಯನ್ನು ಬಿಟ್ಟಳು. ಅದು ತೂಗಿಕೊಂಡು ಹೋಗಿ ಉಕ್ಕಿಗೆ ತಾಗಿತು.

ಫಳ್!

ದ್ರಾಕ್ಷಾರಸ ಬಲೆಯಿಂದ ಸೋರಿ ರತ್ನಗಂಬಳಿಯ ಮೇಲೆ ಹರಿಯಿತು, ಒಂದೆರಡು ಹಸಿರು ಚೂರೂ ಬಿದ್ದವು. ಕೆಳಗೆಲ್ಲೋ ‘ಕಟಕ್’ ಅಂತ ಸದ್ದಾಯಿತು. ಆಮೇಲೆ ಆ ಬೂದು ಗೋಡೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹಿಂದೆ ಹಿಂದೆ ಸರಿಯಿತು.

“ಅಯ್ಯೋ, ನಿಲ್ಲು! ನಿಲ್ಲೇ!” ಅಂತ ಪಿಸುಮಾತು ಚೀರಿದಳು. ಮೈಕಿಗೆ ಮೊದಲ ಸಲ ಅವಳ ದನಿ ಸಿಕ್ಕಿತು. ಬಂದರಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಹಡಗು ಮಾತ್ರ ನಿಲ್ಲಲಿಲ್ಲ. ಜೋಪಾನ ಸಾಹೇಬ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ, “ಜೋಪಾನ! ಜೋಪಾನ!” ಅಂತ ಸೀಟಿ ಊದಿದ. ಅಷ್ಟರಲ್ಲಿ ಅದು ನೀರು ಸೇರಿ, ದೊಡ್ಡದೊಂದು ಅಲೆ ಎಬ್ಬಿಸಿ, ಸ್ನಾನಕ್ಕಿಳಿದ ಎಮ್ಮೆಯಂತೆ ತೃಪ್ತಿಯಿಂದ ತೇಲುತ್ತಿತ್ತು. ಅದರ ಮೇಲೆ ಒಂದು ಕೆಂಪು ಆಕೃತಿ ಕಾಣಿಸಿಕೊಂಡಿತು. ಮೈಯೆಲ್ಲ ತುಕ್ಕಾದ ಬಾಟಲಿ ಮಾವ. “ಯಾರ್ರೀ ಅದು ಬಿಟ್ಟಿದ್ದು? ಒಳಗೆ ನಾನಿದ್ದೀನಿ!” ಅಂತ ಉಳಿ ಬೀಸುತ್ತಿದ್ದ.

ಕೆಳಗಿನ ಅಜ್ಜ ಕೈಯ ಕೊಬ್ಬು ಒರೆಸಿಕೊಳ್ಳುತ್ತ ಹೆಮ್ಮೆಯಿಂದ ಮೇಲೆ ಬಂದ. “ಹೇಗೆ? ಒಂದು ಅಲುಗಾಟ ಇಲ್ಲ. ಎಲ್ಲಿ ವಾದ್ಯ? ಎಲ್ಲಿ ಚಪ್ಪಾಳೆ?”

“ತಾಲೀಮು ಅಂದೆನಲ್ಲಯ್ಯಾ!”

“ತಾಲೀಮಿನಲ್ಲಿ ಒಡೆಯಲ್ಲ ಅಂದ್ರಿ. ಒಡೀತು. ಹಾಗಾದ್ರೆ ಇದು ತಾಲೀಮಲ್ಲ ಅಂದುಕೊಂಡೆ. ತಪ್ಪಾ?”

ಜೋಪಾನ ಸಾಹೇಬ ಸೀಟಿಯನ್ನು ಜೇಬಿಗಿಟ್ಟುಕೊಂಡ.

ದೊಡ್ಡ ಸಾಹೇಬರು ಊಟದ ಬಟ್ಟೆಯನ್ನು ಕೊರಳಿಗೆ ಸಿಕ್ಕಿಸಿಕೊಂಡೇ ಓಡಿ ಬಂದರು. ಖಾಲಿ ಇಳಿಜಾರನ್ನು ನೋಡಿದರು. ಕಣ್ಣು ಉಜ್ಜಿ ಮತ್ತೆ ನೋಡಿದರು. “ಹಡಗೆಲ್ಲಿ?”

“ನೀರಿನಲ್ಲಿದೆ ಸರ್,” ಅಂದ ಜೋಪಾನ ಸಾಹೇಬ. “ಸುರಕ್ಷಿತವಾಗಿದೆ.”

“ಇನ್ನೇನು ಅಮ್ಮನವರು ಬರ್ತಾರೆ! ಅವರು ಬಾಟಲಿ ಯಾವುದಕ್ಕೆ ಹೊಡೀಬೇಕು? ನಿನ್ನ ತಲೆಗಾ? ಮೆತ್ತಗೆ ತಾಗಿದ್ದಕ್ಕೆ ಹೇಗೆ ಒಡೀತು ಅದು?”

ಪಿಸುಮಾತು ಬಲೆಯೊಳಗಿನ ಚೂರುಗಳನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ತನ್ನ ಒಂದು ಗೀರಿನ ಪಕ್ಕ ಬೇರೆ ಗೀರುಗಳೂ ಇದ್ದವು: ಒಂದು ಒರಟು, ಒಂದು ನೇರ, ಒಂದು ಸೊಟ್ಟ. ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿದಳು. ಅವಳ ಆ ನೋಟಕ್ಕೆ ಕ್ರೇನ್ ಅಕ್ಕನ ಉಂಗುರದ ಕೈ ಸೆರಗಿನೊಳಗೆ ಹೋಯಿತು.

“ನಿನ್ನ ಒಳ್ಳೇದಕ್ಕೇ ಕಣೇ. ಹರಳಿನಿಂದ ಒಂದೇ ಒಂದು ಗೀರು ಎಳೆದೆ.”

“ನಾನೂ,” ಅಂತ ಜೋಪಾನ ಸಾಹೇಬ ಕೆಮ್ಮಿದ. “ಸುರಕ್ಷತೆಯ ದೃಷ್ಟಿಯಿಂದ...”

ಮೈಕು ಇನ್ನೂ ಚಾಲೂ ಇತ್ತು. ನೀರಿನ ಮೇಲಿಂದ ಬಾಟಲಿ ಮಾವನ ಕೂಗು ಕೇಳಿಸಿತು. “ನಾನೂ ಒಂದು ಹಾಕಿದ್ದೆ! ಈ ಹುಡುಗಿ ತೊಟ್ಟಿಗೆ ಬರೋದು ಬೇಡ ಅಂತ!”

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ನಾಲ್ಕೇ ಜನ ಸೇರಿ ಹಡಗನ್ನೇ ಹೊರಡಿಸಿಬಿಟ್ಟಿದ್ದರು. ಪಿಸುಮಾತಿಗೆ ಅಳು ಬಂತು. ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದಳು. ಅಳು ವಾಪಸು ಹೋಯಿತು. ಸಮಾರಂಭ ಇನ್ನೂ ಆಗಿಲ್ಲ. ಏಟು ಇನ್ನೂ ಬಿದ್ದಿಲ್ಲ.

“ವೇದಿಕೆಯನ್ನೇ ಹಡಗಿನ ಹತ್ತಿರ ಒಯ್ದರೆ?” ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೆ ಅಂದಳು. ಮೂರನೆಯ ಸಲ ಕ್ರೇನ್ ಅಕ್ಕನ ಕಿವಿಗೆ ಬಿತ್ತು.

“ಸಾರ್! ವೇದಿಕೆಯನ್ನೇ ಒಯ್ಯೋಣ! ಹಡಗು ಎಳೆಯೋ ದೋಣಿಯವರು ಅದರ ಮೂತಿಯನ್ನ ದಡಕ್ಕೆ ಒತ್ತಿ ಹಿಡೀಲಿ. ಅಮ್ಮನವರು ಒಡೆದ ಕೂಡಲೇ ಹಿಂದಕ್ಕೆ ಎಳೆದುಬಿಡ್ಲಿ!”

“ಭೇಷ್ ಕ್ರೇನ್ ಅಕ್ಕ!” ಅಂದರು ದೊಡ್ಡ ಸಾಹೇಬರು. “ಇಲ್ಲಿ ತಲೆ ಇರೋದು ನಿನಗೊಬ್ಬಳಿಗೇ.”

ಪಿಸುಮಾತು ಹೊಸ ಬಲೆಗೆ ದಾರ ಅಳೆಯತೊಡಗಿದಳು.

ಕ್ರೇನು ವೇದಿಕೆಯನ್ನು ರತ್ನಗಂಬಳಿ, ಮೈಕು, ಹೂಕುಂಡಗಳ ಸಮೇತ ಎತ್ತಿತು. ಕುರ್ಚಿಗಳನ್ನು ಇಳಿಸಿ ಮುಗಿಸಿರದ ಜೋಪಾನ ಸಾಹೇಬನನ್ನೂ ಎತ್ತಿತು. ಗಾಳಿಯಲ್ಲಿ ತೂಗುತ್ತ, ಮೈಕನ್ನು ತಬ್ಬಿಕೊಂಡು, “ಜೋಪಾನ... ಜೋಪಾನ...” ಅಂತ ಅವನು ಇಡೀ ಕಾರ್ಖಾನೆಗೆ ಕೇಳುವಂತೆ ಜಪ ಮಾಡಿದ.

ಇನ್ನೊಂದು ಬಾಟಲಿ ದೊಡ್ಡ ಸಾಹೇಬರ ಕಪಾಟಿನಿಂದ ಹೊರಬಂತು. ಕಂದು ಗಾಜಿನದು. “ಕೆಮ್ಮಿಗೆ ಅಂತ ಇಟ್ಟಿದ್ದೆ,” ಅಂದರು, ಯಾರೂ ಕೇಳದಿದ್ದರೂ. ಪಿಸುಮಾತು ಅದನ್ನು ಹಗ್ಗದ ಕೋಣೆಗೆ ಒಯ್ದು ಅಗಳಿ ಹಾಕಿಕೊಂಡಳು. ಬಾಗಿಲು ಬಡಿದರು. “ಉಂಗುರ ಬೇಕೇನೇ?” “ಚಾಕು ಕೊಡಲೇನಮ್ಮಾ?” ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಒಂದು ಗೀರು ಎಳೆದಳು. ಬೆರಳು ಕೊಯ್ದುಕೊಂಡಿತು, ದಾರದಲ್ಲೇ ಕಟ್ಟಿಕೊಂಡಳು. ಹೊರಗೆ ಬಂದಾಗ ಮುಂದೆ ಚಾಚಿದ ಕೈಗಳಿಗೆಲ್ಲ, “ಮುಟ್ಟಬೇಡಿ,” ಅಂದಳು. ಈ ಸಲ ಎಲ್ಲರಿಗೂ ಕೇಳಿಸಿತು. ಕೈಗಳು ಹಿಂದೆ ಸರಿದವು.

ಅತಿಥಿ ಅಮ್ಮನವರು ಬಂದರು. “ಹಡಗು ನೀರಿನಲ್ಲೇ ಇದೆಯಲ್ಲ?” ಅಂತ ಕೇಳಿದರು.

“ಇದು ನಮ್ಮ ಹೊಸ ಪದ್ಧತಿ,” ಅಂದರು ದೊಡ್ಡ ಸಾಹೇಬರು, ಹಣೆ ಒರೆಸುತ್ತ.

ವಾದ್ಯ ಮೊಳಗಿತು. ಅಮ್ಮನವರು ಹೆಸರಿಟ್ಟು ಕೈ ಬೀಸಿದರು. ಕಂದು ಬಾಟಲಿ ಒಂದೇ ಏಟಿಗೆ ಫಳ್ ಅಂತು! ಹೆಸರಿನ ಮೇಲಿನ ಬಟ್ಟೆ ಜಾರಿತು. ದೋಣಿಗಳು ಹಡಗನ್ನು ಗಂಭೀರವಾಗಿ ಹಿಂದಕ್ಕೆ ಎಳೆದವು. ಅದರ ಮೇಲೆ ಇಳಿಯಲು ಹೊತ್ತು ಸಿಗದ ಬಾಟಲಿ ಮಾವ ತುಕ್ಕಿನ ವಿಗ್ರಹದಂತೆ ನೆಟ್ಟಗೆ ನಿಂತು ದೂರವಾಗುತ್ತಿದ್ದ. ಚಪ್ಪಾಳೆಯೋ ಚಪ್ಪಾಳೆ. ಪಿಸುಮಾತು ವೇದಿಕೆಯ ಮೆಟ್ಟಿಲ ಬಳಿ ನಿಂತು ಕೊರಳ ದಾರ ಮುಟ್ಟಿ ನೋಡಿಕೊಂಡಳು. ಇವತ್ತು ಸಂಜೆ ಭಾವ ಕೇಳಲಿ!

ಅಮ್ಮನವರು ಕೆಳಗಿಳಿಯಲು ಒಂದು ಹೆಜ್ಜೆ ಇಟ್ಟು, ಮುಖ ಕಿವುಚಿ, ಚಪ್ಪಲಿ ಕಳಚಿದರು. ಅಟ್ಟೆಗೆ ಒಂದು ಚೂರು ಚುಚ್ಚಿಕೊಂಡಿತ್ತು. ಕಿತ್ತು ಬೆಳಕಿಗೆ ಹಿಡಿದರು.

“ನಾನು ಒಡೆದದ್ದು ಕಂದು ಬಾಟಲಿ. ಇದು ಹಸಿರು.”

ಚಪ್ಪಾಳೆ ನಿಂತಿತು.

“ಯಾರು ಒಡೆದದ್ದು, ನನಗಿಂತ ಮೊದಲು?”

ದೊಡ್ಡ ಸಾಹೇಬರ ಕಣ್ಣು ಎಲ್ಲ ಕಡೆ ಸುತ್ತಿ ನೀರಿನ ಮೇಲೆ ನಿಂತಿತು. “ಅಗೋ, ಅಲ್ಲಿ ಹೋಗ್ತಿದ್ದಾನಲ್ಲ, ಅವನೇ ಅಮ್ಮಾ! ಹಿಂದೆಯೂ ಹೀಗೇ ಮಾಡಿದ್ದ. ಇನ್ನು ಅವನನ್ನ ತೊಟ್ಟಿಯಿಂದ ಮೇಲೇಳಿಸಲ್ಲ, ಬಿಡಿ!”

ತನ್ನ ಮೇಲೆ ಏನು ಬಿತ್ತೆಂದು ತಿಳಿಯದ ಬಾಟಲಿ ಮಾವ ದೂರದಿಂದ ಸಂತೋಷವಾಗಿ ಕೈ ಬೀಸಿದ.

“ನಾನು,” ಅಂದಳು ಪಿಸುಮಾತು. ಯಾರೂ ತಿರುಗಲಿಲ್ಲ. ಸುಮ್ಮನಿದ್ದರೆ ಕಾಯಂ, ಕೋಣೆ, ಬೀಗ. ಮೆಟ್ಟಿಲು ಹತ್ತಿದಳು. ಮೈಕಿನ ಮುಂದೆ ನಿಂತಳು. “ನಾನು ಒಡೆದೆ! ಅವರಲ್ಲ!”

ಹಕ್ಕಿಗಳು ಮತ್ತೆ ಎದ್ದು ಹಾರಿದವು. ಅಮ್ಮನವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಎತ್ತರ ಒಂದೇ ಆದ್ದರಿಂದ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ನೀನು ಒಡೆದ ಮೇಲೇ ಹಡಗು ನೀರಿಗೆ ಇಳಿದದ್ದಾ?”

“ಹೌದು.”

“ಒಡೆದಾಗ ಏನಂದೆ?”

“ನಿಲ್ಲು ಅಂದೆ.”

“ನಿಂತಿತಾ?”

“ಇಲ್ಲ.”

“ಮಕ್ಕಳು ಹಾಗೇ,” ಅಂದು ಅಮ್ಮನವರು ನಕ್ಕುಬಿಟ್ಟರು. ಅವಳ ಕೈ ಹಿಡಿದು ವೇದಿಕೆಯ ನಡುವೆ ನಿಲ್ಲಿಸಿದರು. “ಒಂದು ಹಡಗಿಗೆ ಇಬ್ಬರು ತಾಯಂದಿರು ಇರೋಕಾಗಲ್ಲ. ಮೊದಲು ಒಡೆದವಳೇ ತಾಯಿ. ಹೆಸರು ನಾನಿಟ್ಟೆ, ಅತ್ತೆ ಅಂದುಕೊಳ್ಳಿ!” ತಾವು ಒಡೆದ ಬಾಟಲಿಯ ಕತ್ತನ್ನು ಬಲೆಯಿಂದ ಬಿಡಿಸಿ, ಅವಳ ಕೊರಳಲ್ಲಿ ಖಾಲಿ ತೂಗುತ್ತಿದ್ದ ದಾರಕ್ಕೆ ತಾವೇ ಕಟ್ಟಿದರು.

ಕ್ರೇನ್ ಅಕ್ಕ ಸಿಳ್ಳೆ ಹೊಡೆದಳು. ದೊಡ್ಡ ಸಾಹೇಬರಿಗೂ ಹೋದ ಜೀವ ಬಂದಂತಾಯಿತು. “ಎರಡು ಬಾಟಲಿ, ಎರಡೂ ಒಂದೇ ಏಟಿಗೆ! ಮಾತು ಅಂದ್ರೆ ಮಾತು. ಈ ಹುಡುಗಿ ಇವತ್ತಿನಿಂದ...”

“ಜೋಪಾನ ಸರ್,” ಅಂತ ಜೋಪಾನ ಸಾಹೇಬ ಅವರ ತೋಳು ಹಿಡಿದ. “ಕಾಯಂ ಅಂತ ಹೇಳಿಬಿಡಬೇಡಿ. ನಿಯಮ ಇದೆ. ಕಾರ್ಖಾನೆಯ ಉಪ್ಪು ತಿನ್ನೋರು ತಾಯಿ ಆಗೋ ಹಾಗಿಲ್ಲ. ತಾಯಿ ಆಗಿದ್ದಾಳೆ. ಹಾಗಾದ್ರೆ ಉಪ್ಪು...”

“ಬಿಡಬೇಕು,” ಅಂದರು ದೊಡ್ಡ ಸಾಹೇಬರು, ಮೆಲ್ಲಗೆ.

“ಇವತ್ತಿನಿಂದಲೇ ಸರ್. ಗೇಟಿನವರಿಗೆ ಹೇಳಿಬಿಡ್ತೀನಿ.”

ಪಿಸುಮಾತು ಬಾಯಿ ತೆರೆಯುವಷ್ಟರಲ್ಲಿ ವಾದ್ಯದವರ ಕಹಳೆ ಮೊಳಗಿತು. ಹಡಗಿನ ತಾಯಿಗೆ ಸೆಲ್ಯೂಟ್. ನಾವಿಕರು, ದೊಡ್ಡ ಸಾಹೇಬರು, ಜೋಪಾನ ಸಾಹೇಬ, ಕೊಬ್ಬಿನ ಕೈಯ ಕೆಳಗಿನ ಅಜ್ಜ, ದೂರದ ಹಡಗಿನ ಮೇಲೆ ಉಳಿ ಹಿಡಿದ ಬಾಟಲಿ ಮಾವ, ಎಲ್ಲರೂ ಹಣೆಗೆ ಕೈಯಿಟ್ಟು ಮರದ ಕೊರಡಿನಂತೆ ನಿಂತರು. ತಾಯಿ ವೇದಿಕೆ ಇಳಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ.

ಅವಳು ಇಳಿಯಲಿಲ್ಲ. ತನ್ನ ಕೆಲಸದ ಬಗ್ಗೆ ಉತ್ತರ ಸಿಗದೆ ಇಳಿಯುವುದಿಲ್ಲ ಅಂತ ನಿಶ್ಚಯಿಸಿಬಿಟ್ಟಳು. ಬಾಟಲಿಯ ಕತ್ತು ಎದೆಯ ಮೇಲೆ ತೂಗುತ್ತಿತ್ತು. ಸುತ್ತ ಅಷ್ಟು ಜನ, ಎಲ್ಲರ ಕಣ್ಣೂ ಅವಳ ಮೇಲೆ, ಎಲ್ಲರ ಬಾಯಿಗೂ ಬೀಗ. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಬಂದರಿನ ಆಚೆ ದಡಕ್ಕೂ ಕೇಳುವ ಹಾಗೆ ಹೇಳಿದಳು:

“ಸಾಹೇಬ್ರೇ, ನಾಳೆ ಬೆಳಿಗ್ಗೆ ನನ್ನನ್ನ ಕೆಲಸಕ್ಕೆ ಒಳಗೆ ಬಿಡಿ.”